ಹಳೇ ಎಕ್ಸ್‌ಪಿ ಕಂಪ್ಯೂಟರ್ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಅಂದರೆ
ಮೊದಲು ಪೆನ್‌ಡ್ರೈವ್, ಫ್ಲಾಪಿ, ಸಿಡಿ ಏನಿದ್ದರೂ ತೆಗೆದು ಮತ್ತೆ ಆನ್ ಮಾಡಿ. ಎಷ್ಟೋ ಸಲ ಇಷ್ಟೇ ಸಾಕು. ಆಗಲೂ ಅದೇ ಸಾಲು ಬಂದರೆ ವಿಂಡೋಸ್ ಎಕ್ಸ್‌ಪಿ ಸಿಡಿಯಿಂದ ಬೂಟ್ ಮಾಡಿ, ‘ಆರ್’ ಒತ್ತಿ ರಿಕವರಿ ಕನ್ಸೋಲ್‌ಗೆ (ಕಮಾಂಡ್ ಟೈಪ್ ಮಾಡಿ ರಿಪೇರಿ ಮಾಡುವ ಪರದೆ) ಹೋಗಿ. ಸಿಡಿಯ ‘ಐ386’ ಫೋಲ್ಡರ್‌ನಲ್ಲಿರುವ ಎನ್‌ಟಿಎಲ್‌ಡಿಆರ್, ಎನ್‌ಟಿಡಿಟೆಕ್ಟ್ ಡಾಟ್ ಕಾಮ್ ಎಂಬ ಎರಡು ಫೈಲ್‌ಗಳನ್ನು ‘ಕಾಪಿ’ ಕಮಾಂಡ್‌ನಿಂದ ನೇರ ಸಿ ಡ್ರೈವ್‌ಗೆ ಹಾಕಿ. ಯಾವ ಫೋಲ್ಡರ್ ಒಳಗೂ ಬೇಡ. ಕನ್ಸೋಲ್‌ಗೆ ಹೋಗುವಾಗ ಪಾಸ್‌ವರ್ಡ್ ಕೇಳುತ್ತದೆ, ಅಡ್ಮಿನಿಸ್ಟ್ರೇಟರ್‌ಗೆ ಇಟ್ಟಿಲ್ಲದಿದ್ದರೆ ಸುಮ್ನೆ ಎಂಟರ್ ಒತ್ತಿ. ವಿಂಡೋಸ್ ಏಳುವ ಮೊದಲು ಕಂಪ್ಯೂಟರ್ ಈ ಎರಡು ಫೈಲ್‌ಗಳನ್ನೂ ಹುಡುಕುತ್ತದೆ. ಇವು ನಿಮ್ಮ ಯಂತ್ರಕ್ಕೆ ಮಾತ್ರ ಅಂಟಿಕೊಂಡ ಫೈಲ್‌ಗಳಲ್ಲ, ಹಾಗಾಗಿ ಪಕ್ಕದ ಮನೆಯವರ ಎಕ್ಸ್‌ಪಿ ಸಿಡಿಯೂ ನಡೆಯುತ್ತದೆ. ನಿಮ್ಮ ಫೋಟೋ, ಲೆಕ್ಕದ ಫೈಲ್ ಯಾವುದೂ ಅಳಿಯುವುದಿಲ್ಲ. ಇಷ್ಟಕ್ಕೇ ಫಾರ್ಮ್ಯಾಟ್ ಮಾಡಿಸುವವರೇ ಜಾಸ್ತಿ, ದಯವಿಟ್ಟು ಆ ಕೆಲಸ ಮಾಡಬೇಡಿ. ಕಾಪಿ ಆದರೂ ಏಳದಿದ್ದರೆ ಅದೇ ಕನ್ಸೋಲ್‌ನಲ್ಲಿ ‘ಫಿಕ್ಸ್‌ಬೂಟ್’ ಕಮಾಂಡ್ ಕೊಟ್ಟು ನೋಡಿ. ಹಾರ್ಡ್‌ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ ಮಾತ್ರ ಇದ್ಯಾವುದೂ ಬೇಡ. ತಕ್ಷಣ ಆಫ್ ಮಾಡಿ, ಒಳಗಿನ ಡೇಟಾ ತೆಗೆಸಿಕೊಳ್ಳುವುದನ್ನು ಮೊದಲು ನೋಡಿ. ವಿಂಡೋಸ್ 7 ಮತ್ತು ಆಮೇಲಿನವುಗಳಿಗೆ ಈ ದಾರಿ ಆಗುವುದಿಲ್ಲ, ಅವು ಬೂಟ್ ಆಗಲು ಬೇರೆಯೇ ಫೈಲ್ ಬಳಸುತ್ತವೆ.