ಮೇಲಿನ ರೂಟರ್, ಕೆಳಗಿನ ರೂಟರ್: ಎರಡನ್ನೂ ಒಂದೇ ಮನೆಯಾಗಿಸಿದ ಬಗೆ

ಇಂಟರ್ನೆಟ್ ಎರಡೂ ಮಹಡಿಯಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಯೂಟ್ಯೂಬ್ ಓಡುತ್ತಿತ್ತು, ವಾಟ್ಸಾಪ್ ಕಾಲ್ ಹೋಗುತ್ತಿತ್ತು. ಆದರೆ ಕೆಳಗಿನ ಟಿವಿಗೆ ಮೇಲಿನ ಕಂಪ್ಯೂಟರ್ ಕಾಣಿಸುತ್ತಿರಲಿಲ್ಲ, ಮೇಲಿನ ಫೋನಿಗೆ ಕೆಳಗಿನ ಪ್ರಿಂಟರ್ ಸಿಗುತ್ತಿರಲಿಲ್ಲ. ಅಪ್ಪನಿಗೆ ಪಹಣಿ ಪ್ರಿಂಟ್ ಬೇಕೆಂದರೆ ನಾನು ಪಿಡಿಎಫ್ ಅನ್ನು ವಾಟ್ಸಾಪ್‌ನಲ್ಲಿ ಕೆಳಗೆ ಕಳಿಸಬೇಕು. ಒಂದೇ ಮನೆಯೊಳಗೆ!

ಫೈಬರ್ ಕಂಪನಿಯವರು ಕೊಟ್ಟ ಬಾಕ್ಸ್ ಕೆಳಗೆ ಹಾಲ್‌ನಲ್ಲಿದೆ. ಮಧ್ಯೆ ಆರ್‌ಸಿಸಿ ಇರುವುದರಿಂದ ಅದರ ಸಿಗ್ನಲ್ ಮೇಲಕ್ಕೆ ಸರಿಯಾಗಿ ಬರುವುದಿಲ್ಲ. 5 ಗಿಗಾಹರ್ಟ್ಸ್ ಅಂತೂ ಮೆಟ್ಟಿಲ ಹತ್ತಿರವೇ ಕೈಕೊಡುತ್ತದೆ. ಅದಕ್ಕೇ ಮೇಲೆ ಇನ್ನೊಂದು ರೂಟರ್ ಇಟ್ಟು, ಕೆಳಗಿನಿಂದ ಕೇಬಲ್ ಎಳೆದು ಅದರ ವ್ಯಾನ್ ಪೋರ್ಟ್‌ಗೆ (ಹೊರಗಿನ ಇಂಟರ್ನೆಟ್ ಬರುವ ಕಿಂಡಿಗೆ) ಚುಚ್ಚಿದ್ದೆವು. ರೂಟರ್ ಜೊತೆ ಬರುವ ಚೀಟಿಯಲ್ಲಿ ತೋರಿಸುವುದೂ ಹಾಗೇ.

ವಿಷಯ ಎಲ್ಲಿ ಕೆಟ್ಟಿದೆ ಎಂದು ತಿಳಿಯಲು ಎರಡೂ ಕಡೆ ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನಕ್ಕೂ ಇರುವ ನಂಬರ್) ನೋಡಿದೆ. ಕೆಳಗಿನ ಟಿವಿಯದು 192.168.1 ರಿಂದ ಶುರು, ಮೇಲಿನ ಲ್ಯಾಪ್‌ಟಾಪ್‌ದು 192.168.0 ರಿಂದ. ಅಂದರೆ ಎರಡೂ ಬೇರೆ ಬೇರೆ ನೆಟ್‌ವರ್ಕ್. ಲ್ಯಾಪ್‌ಟಾಪ್‌ನಲ್ಲಿ ಟ್ರೇಸ್‌ರೂಟ್ (ಮಾಹಿತಿ ಯಾವ ಯಾವ ರೂಟರ್ ದಾಟಿ ಹೋಗುತ್ತದೆಂದು ತೋರಿಸುವ ಕಮಾಂಡ್) ಓಡಿಸಿದಾಗ ಮೊದಲ ಸಾಲಿನಲ್ಲಿ 192.168.0.1, ಎರಡನೆಯದರಲ್ಲಿ 192.168.1.1 ಬಂತು. ಅಂದರೆ ಹೊರಗೆ ಹೋಗುವ ಮೊದಲು ಮನೆಯೊಳಗೇ ಎರಡು ಬಾಗಿಲು ದಾಟಬೇಕು. ಒಳಗಿನವರ ಅಡ್ರೆಸ್ ಮರೆಮಾಡಿ ರೂಟರ್ ತನ್ನದನ್ನು ಹಾಕಿ ಹೊರಗೆ ಕಳಿಸುವುದು ನ್ಯಾಟ್. ಅದು ಎರಡು ಸಲ ಆದರೆ, ಅದನ್ನೇ ಡಬಲ್ ನ್ಯಾಟ್ ಅನ್ನುವುದು.

ಇದರಲ್ಲಿ ಒಂದು ಮಜಾ ಇದೆ. ತೊಂದರೆ ಎರಡೂ ಕಡೆ ಒಂದೇ ಥರ ಇರುವುದಿಲ್ಲ. ಮೇಲಿನಿಂದ ಪ್ರಿಂಟರ್‌ನ ಐಪಿಯನ್ನು ಕೈಯಾರೆ ಟೈಪ್ ಮಾಡಿದರೆ ಪ್ರಿಂಟ್ ಬರುತ್ತದೆ! ಪಟ್ಟಿಯಲ್ಲಿ ಮಾತ್ರ ಅದು ಕಾಣುವುದಿಲ್ಲ. ಯಾಕೆಂದರೆ ಪ್ರಿಂಟರ್ ಹುಡುಕುವ ಫೋನು 224.0.0.251 ಎಂಬ ಅಡ್ರೆಸ್‌ಗೆ 'ಯಾರಾದರೂ ಇದ್ದೀರಾ' ಎಂದು ಕೂಗು ಹಾಕುತ್ತದೆ. ಆ ಕೂಗು ತನ್ನ ನೆಟ್‌ವರ್ಕ್ ಬಿಟ್ಟು ಆಚೆ ಹೋಗುವುದಿಲ್ಲ, ರೂಟರ್ ಅದನ್ನು ದಾಟಿಸುವುದಿಲ್ಲ. ಟಿವಿಗಳು ವಿಡಿಯೊ ಹುಡುಕಲು ಬಳಸುವ 239.255.255.250 ಕತೆಯೂ ಅಷ್ಟೇ. ಇನ್ನು ಕೆಳಗಿನಿಂದ ಮೇಲಕ್ಕೆ ಐಪಿ ಟೈಪ್ ಮಾಡಿದರೂ ಪ್ರಯೋಜನ ಇಲ್ಲ. ಕಂಪನಿ ಬಾಕ್ಸ್‌ಗೆ 192.168.0 ಎಂಬ ನೆಟ್‌ವರ್ಕ್ ಇರುವುದೇ ಗೊತ್ತಿಲ್ಲ. ಗೊತ್ತಿದ್ದರೂ ಮೇಲಿನ ರೂಟರ್ ತಾನು ಕರೆಯದೆ ಬಂದವರನ್ನು ಒಳಗೆ ಬಿಡುವುದಿಲ್ಲ.

ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಇಂಥ ಸಾಧನಕ್ಕೆ ಕಳಿಸು ಎಂದು ರೂಟರ್‌ಗೆ ಹೇಳುವುದು) ಮಾಡಬಹುದಿತ್ತು. ಆದರೆ ಅದು ಒಂದೊಂದು ಸಾಧನಕ್ಕೆ ಒಂದೊಂದು ತೇಪೆ. ಸ್ಟ್ಯಾಟಿಕ್ ರೂಟ್ ಇನ್ನೊಂದು ದಾರಿ: ಮೇಲಿನ ರೂಟರ್‌ನಲ್ಲಿ ನ್ಯಾಟ್ ತೆಗೆದು, ಕರೆಯದೆ ಬಂದವರನ್ನು ತಡೆಯುವ ಅದರ ಫೈರ್‌ವಾಲ್ ಸಡಿಲಿಸಿ, ಆ ನೆಟ್‌ವರ್ಕ್‌ಗೆ ದಾರಿ ಯಾವುದೆಂದು ಕೆಳಗಿನ ಬಾಕ್ಸ್‌ಗೆ ಹೇಳಿಕೊಡುವುದು. ನಮ್ಮ ಬಾಕ್ಸ್‌ನಲ್ಲಿ ಆ ಪುಟಕ್ಕೇ ಬೀಗ ಹಾಕಿದ್ದರು. ತೆರೆದಿದ್ದರೂ ಟಿವಿಯ ಹುಡುಕಾಟ ಅದರಿಂದ ಸರಿಹೋಗುತ್ತಿರಲಿಲ್ಲ. ಹಾಗಾಗಿ ಮೇಲಿನದನ್ನು ರೂಟರ್ ಕೆಲಸದಿಂದ ಬಿಡಿಸಿ, ಬರೀ ವೈಫೈ ಹಂಚುವ ಆಕ್ಸೆಸ್ ಪಾಯಿಂಟ್ ಮಾಡುವುದೇ ಸರಿ ಅನ್ನಿಸಿತು.

ಹೊಸ ರೂಟರ್‌ಗಳ ಮೆನುವಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತಲೇ ಇರುತ್ತದೆ. ಒತ್ತಿದರೆ ಮುಗೀತು. ನನ್ನದು ಹಳೆಯದು, ಕೈಯಾರೆ ಮಾಡಬೇಕಾಯಿತು. ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಮುಖ್ಯ. ಮೇಲಿನ ರೂಟರ್‌ನ ವ್ಯಾನ್ ಕೇಬಲ್ ಕಿತ್ತು, ಲ್ಯಾಪ್‌ಟಾಪನ್ನು ಅದರ ಲ್ಯಾನ್ ಪೋರ್ಟ್‌ಗೆ (ಮನೆಯೊಳಗಿನ ಸಾಧನಗಳಿಗಿರುವ ಕಿಂಡಿಗೆ) ನೇರ ಜೋಡಿಸಿದೆ. ಮೊದಲು ಅದರ ಅಡ್ರೆಸ್ 192.168.1.2 ಎಂದು ಬದಲಾಯಿಸಿದೆ. ಅದು ರೀಸ್ಟಾರ್ಟ್ ಆದ ಮೇಲೆ ಹೊಸ ಅಡ್ರೆಸ್‌ನಲ್ಲಿ ಲಾಗಿನ್ ಆಗಿ, ಆಮೇಲೆ ಡಿಎಚ್‌ಸಿಪಿ (ಸಾಧನಗಳಿಗೆ ಅಡ್ರೆಸ್ ಹಂಚುವ ಕೆಲಸ) ಆಫ್. ಡಿಎಚ್‌ಸಿಪಿಯನ್ನೇ ಮೊದಲು ಆರಿಸಿದರೆ ಲ್ಯಾಪ್‌ಟಾಪ್‌ಗೆ ಅಡ್ರೆಸ್ ಕೊಡುವವರಿಲ್ಲದೆ ರೂಟರ್‌ನ ಪುಟವೇ ತೆರೆಯದೆ ಹೋಗಬಹುದು. ಕೆಳಗಿನ ಬಾಕ್ಸ್‌ನಲ್ಲಿ ಹಂಚುವ ಅಡ್ರೆಸ್‌ಗಳನ್ನು 192.168.1.50 ರಿಂದ ಶುರುವಾಗುವಂತೆ ಮಾಡಿದೆ. ಇಲ್ಲವಾದರೆ ಅದೇ 2ನೇ ನಂಬರನ್ನು ಯಾವುದೋ ಫೋನಿಗೆ ಕೊಟ್ಟುಬಿಡುತ್ತದೆ.

ಕೊನೆಗೆ ಕೆಳಗಿನಿಂದ ಬಂದ ಕೇಬಲನ್ನು ಮೇಲಿನ ರೂಟರ್‌ನ ಲ್ಯಾನ್ ಪೋರ್ಟ್‌ಗೆ ಹಾಕಿದೆ. ವ್ಯಾನ್ ಪೋರ್ಟ್ ಖಾಲಿ. ಮನೆಗೆ ಬಂದವರು ಯಾರಾದರೂ ಉಪಕಾರ ಮಾಡಲು ಹೋಗಿ ಅಲ್ಲಿಗೇ ಚುಚ್ಚಬಾರದೆಂದು ಅದರ ಮೇಲೆ ಇನ್ಸುಲೇಶನ್ ಟೇಪ್ ಅಂಟಿಸಿದ್ದೇನೆ. ಎರಡೂ ಬಾಕ್ಸ್‌ಗಳ ಲ್ಯಾನ್ ಪೋರ್ಟ್‌ಗಳ ಮಧ್ಯೆ ಎರಡು ಕೇಬಲ್ ಹಾಕಲೂ ಬಾರದು. ಲೂಪ್ ಆಗಿ, ಅಂದರೆ ಅದೇ ಮಾಹಿತಿ ಸುತ್ತುತ್ತಲೇ ಇದ್ದು, ಇಡೀ ನೆಟ್‌ವರ್ಕ್ ಕೂತುಬಿಡುತ್ತದೆ.

ಟಿವಿಯಲ್ಲಿ ಮೇಲಿನ ಕಂಪ್ಯೂಟರ್‌ನ ಫೋಟೊಗಳು ಬಂದವು. ಆದರೆ ಅದೇ ಕಂಪ್ಯೂಟರ್‌ನ ಶೇರ್ ಫೋಲ್ಡರ್ ಕೆಳಗಿನ ಲ್ಯಾಪ್‌ಟಾಪ್‌ನಲ್ಲಿ ತೆರೆಯಲಿಲ್ಲ. ಹೊರಗೆ ದಾರಿ ಕೊಡುವ ರೂಟರ್ ಬದಲಾದದ್ದನ್ನು ನೋಡಿ ವಿಂಡೋಸ್ ಇದನ್ನು ಹೊಸ ನೆಟ್‌ವರ್ಕ್ ಎಂದುಕೊಂಡು 'ಪಬ್ಲಿಕ್' ಎಂದು ಗುರುತು ಹಾಕಿತ್ತು. 'ಪ್ರೈವೇಟ್' ಎಂದು ಬದಲಿಸಿದ ಮೇಲೆ ತೆರೆಯಿತು. ಅಪ್ಪನ ಫೋನಿಗೆ ಆಗಲೂ ಪ್ರಿಂಟರ್ ಸಿಗಲಿಲ್ಲ. ನೋಡಿದರೆ ಕಂಪನಿ ಬಾಕ್ಸ್‌ನ ವೈಫೈ ಪುಟದಲ್ಲಿ ಎಪಿ ಐಸೊಲೇಶನ್ ಎಂಬಲ್ಲಿ ಟಿಕ್ ಬಿದ್ದಿತ್ತು. ಒಂದೇ ವೈಫೈನಲ್ಲಿರುವವರೂ ಒಬ್ಬರಿಗೊಬ್ಬರು ಕಾಣದ ಹಾಗೆ ಮಾಡುವ ಆಯ್ಕೆ ಅದು. ಟಿಕ್ ತೆಗೆದೆ. ಗೆಸ್ಟ್ ವೈಫೈನಲ್ಲಿಯೂ ಸಾಮಾನ್ಯವಾಗಿ ಹೀಗೇ ಇರುತ್ತದೆ, ಟಿವಿಯನ್ನು ಅದಕ್ಕೆ ಜೋಡಿಸಬೇಡಿ.

ಇಷ್ಟಾದರೂ ಫೈಲ್ ಕಾಪಿ ಸೆಕೆಂಡಿಗೆ 11 ಎಂಬಿ ದಾಟುತ್ತಿರಲಿಲ್ಲ. ಈ ಅಂಕಿ ಕಂಡರೆ ಲಿಂಕ್ 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್; ಎಂಟು ಬಿಟ್‌ಗೆ ಒಂದು ಬೈಟ್) ನಿಂತಿದೆ ಎಂದೇ ತಿಳಿಯಿರಿ. ಕೇಬಲ್ ಕ್ಯಾಟ್ 5ಇ ದರ್ಜೆಯದು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ಸಾಕು. ತುದಿಯ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ನಾಲ್ಕೇ ತಂತಿ! ಎಳೆದುಕೊಟ್ಟವರು ಸಿಸಿಟಿವಿ ಕೆಲಸದವರು. ಕ್ಯಾಮೆರಾಗೆ ನಾಲ್ಕು ತಂತಿ ಸಾಕು ಅಲ್ವಾ, ನೀಲಿ ಮತ್ತು ಕಂದು ಜೋಡಿಗಳನ್ನು ಬುಡಕ್ಕೇ ಕತ್ತರಿಸಿದ್ದರು. ಗಿಗಾಬಿಟ್‌ಗೆ ಎಂಟೂ ಬೇಕು. ಕ್ರಿಂಪಿಂಗ್ ಟೂಲ್ ತಂದು ಎರಡೂ ತುದಿ ಹೊಸದಾಗಿ ಮಾಡಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ತಂತಿಗಳನ್ನು ನೇರ ಮಾಡಿ ಸಮನಾಗಿ ಕತ್ತರಿಸುವುದೇ ಜಾಸ್ತಿ ಹೊತ್ತು ಹಿಡಿಯುವ ಕೆಲಸ. ಆಮೇಲೆ ಕಾಪಿ ವೇಗ ಸೆಕೆಂಡಿಗೆ 100 ಎಂಬಿ ದಾಟಿತು.

ಪ್ರಿಂಟರ್‌ಗೆ ಕೆಳಗಿನ ಬಾಕ್ಸ್‌ನಲ್ಲಿ ಅಡ್ರೆಸ್ ರಿಸರ್ವ್ ಮಾಡಿಟ್ಟಿದ್ದೇನೆ. ಕರೆಂಟ್ ಹೋಗಿ ಬಂದರೂ ನಂಬರ್ ಬದಲಾಗುವುದಿಲ್ಲ. ಎರಡೂ ವೈಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್, 2.4 ಗಿಗಾಹರ್ಟ್ಸ್ ಚಾನೆಲ್ ಮಾತ್ರ ಕೆಳಗೆ 1, ಮೇಲೆ 6.

ಕಳೆದುಕೊಂಡದ್ದೂ ಇದೆ. ಮಕ್ಕಳಿಗೆ ರಾತ್ರಿ ಇಂಟರ್ನೆಟ್ ನಿಲ್ಲಿಸುವ ಮೇಲಿನ ರೂಟರ್‌ನ ಪೇರೆಂಟಲ್ ಕಂಟ್ರೋಲ್ ಈಗ ಕೆಲಸ ಮಾಡುವುದಿಲ್ಲ, ಅದನ್ನು ಕಂಪನಿ ಬಾಕ್ಸ್‌ನಲ್ಲೇ ಮಾಡಬೇಕು. ಇನ್ನು ಮೇಲಿನ ಮನೆ ಬಾಡಿಗೆಗೆ ಕೊಟ್ಟು, ಇಂಟರ್ನೆಟ್ ಹಂಚಿಕೊಂಡಿದ್ದೀರಾದರೆ ಈ ಕೆಲಸಕ್ಕೆ ಕೈಹಾಕಲೇಬೇಡಿ. ಅವರ ಟಿವಿಯಲ್ಲಿ ನಿಮ್ಮ ಫೋಟೊ ಕಾಣುವುದು ಬೇಡ. ಅವರನ್ನು ಕೆಳಗಿನ ಬಾಕ್ಸ್‌ನ ಗೆಸ್ಟ್ ವೈಫೈಗೆ ಹಾಕಿ. ಸಿಗ್ನಲ್ ಮೇಲಕ್ಕೆ ಸಾಲದಿದ್ದರೆ ಹಳೆಯ ಡಬಲ್ ನ್ಯಾಟ್‌ನಲ್ಲೇ ರೂಟರ್‌ಗಳನ್ನು ಅದಲುಬದಲು ಮಾಡುವುದನ್ನು ಯೋಚಿಸಿ: ಬಾಡಿಗೆಯವರದು ಕಂಪನಿ ಬಾಕ್ಸ್ ಕಡೆ, ನಿಮ್ಮ ಸಾಧನಗಳೆಲ್ಲ ನಿಮ್ಮ ರೂಟರ್‌ನ ಒಳಗೆ. ಒಳಗಿನವರು ಐಪಿ ಟೈಪ್ ಮಾಡಿ ಹೊರಗಿನವರನ್ನು ತಲುಪಬಹುದು, ಹೊರಗಿನವರು ಒಳಗಿನವರನ್ನು ತಲುಪಲಾರರು.