ಸಹಿ ಬೇಡ, ಆರ್ಡರ್ ಬೇಕು: ನಿಲ್ಲಬೇಕಿದ್ದ ಕಾಮಿಕ್ಸ್ ಸೀರೀಸನ್ನು ಇನ್ನೂ ಆರು ಸಂಚಿಕೆ ಓಡಿಸಿದ ನನ್ನ ಅನುಭವ

ನಮ್ಮ ಮೆಚ್ಚಿನ ಕಾಮಿಕ್ಸ್ ಉಳಿಸಲು ಅಂಗಡಿಯವರಿಂದ ಹೆಚ್ಚುವರಿ ಪ್ರತಿ ತರಿಸೋಣ, ಉಳಿದರೆ ನಾವೇ ಕೊಳ್ಳೋಣ ಅನ್ನುವ ಐಡಿಯಾ ಹೇಳಿದಾಗ ನಕ್ಕವರೇ ಜಾಸ್ತಿ. "ಅಂಗಡಿಯಲ್ಲಿ ಮಾರಾಟವಾಗದೆ ಉಳಿದದ್ದನ್ನು ನಾವೇ ದುಡ್ಡು ಕೊಟ್ಟು ತಗೊಳ್ಳೋದಾ? ತಲೆ ಕೆಟ್ಟಿದೆಯಾ ನಿಂಗೆ?" ಎಂದು ನಮ್ಮ ಅಭಿಮಾನಿಗಳ ಗುಂಪಿನ ಹಳಬರೊಬ್ಬರು ನೇರವಾಗಿಯೇ ಕೇಳಿದ್ದರು. ಹನ್ನೆರಡಕ್ಕೆ ನಿಲ್ಲಬೇಕಿದ್ದ ಆ ಸೀರೀಸ್ ಹದಿನೆಂಟಕ್ಕೆ ಹೋಗಿ, ಕಥೆ ಪೂರ್ತಿ ಹೇಳಿ ಮುಗಿಯಿತು. ಅದೇ ಹಳಬರು ಈಗ ಇನ್ನೊಂದು ಸೀರೀಸ್ ಉಳಿಸಲು ಹೊರಟಿದ್ದಾರೆ. "ಆ ಲೆಕ್ಕದ ಹಾಳೆ ಸ್ವಲ್ಪ ಕಳಿಸ್ತೀಯಾ?" ಅಂತ ಕೇಳಿದರು. ಅವರೊಬ್ಬರಿಗೇ ಕಳಿಸುವ ಬದಲು ಎಲ್ಲರಿಗೂ ಬರೆಯುತ್ತಿದ್ದೇನೆ. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಸೀರೀಸ್ ಹೆಸರು ಹೇಳಲ್ಲ, ಪ್ರಕಾಶಕರ ಹೆಸರೂ ಹೇಳಲ್ಲ. ಅದರ ಎಡಿಟರ್ ಇನ್ನೂ ಅಲ್ಲೇ ಕೆಲಸದಲ್ಲಿದ್ದಾರೆ. ಅಮೆರಿಕದಲ್ಲಿ ತಿಂಗಳಿಗೊಂದು ಬರುತ್ತಿದ್ದ ಪುಸ್ತಕ, ಮುಖಬೆಲೆ 3.99 ಡಾಲರ್, ನಾಯಕಿ ಅಷ್ಟೇನೂ ಪ್ರಸಿದ್ಧಳಲ್ಲ. ಇಷ್ಟು ಸಾಕು. ಪುಲ್ ಲಿಸ್ಟ್ ಅಂದರೆ ಈ ಸೀರೀಸನ್ನು ಪ್ರತಿ ತಿಂಗಳು ನನಗೆ ತೆಗೆದಿಡಿ ಅಂತ ಓದುಗ ಅಂಗಡಿಯಲ್ಲಿ ಬರೆಸಿಡುವ ಪಟ್ಟಿ, ಸಾಲಿಸಿಟೇಷನ್ ಅಂದರೆ ಮುಂದೆ ಬರುವ ಸಂಚಿಕೆಗೆ ಅಂಗಡಿಗಳಿಂದ ಆರ್ಡರ್ ಕೇಳಿ ಪ್ರಕಾಶಕರು ಮುಂಚಿತವಾಗಿ ಹೊರಡಿಸುವ ಪ್ರಕಟಣೆ. ಇದಕ್ಕಿಂತ ಜಾಸ್ತಿ ವಿವರಿಸುವುದಿಲ್ಲ.

ಏಳನೇ ಸಂಚಿಕೆ ಬರುವ ಹೊತ್ತಿಗೇ ಸೀರೀಸ್ ನಿಲ್ಲುವ ವಾಸನೆ ಹೊಡೆದಿತ್ತು. ಚಿತ್ರಕಾರರು ಮಧ್ಯದಲ್ಲೇ ಬದಲಾದರು. ಕಥೆ ಇದ್ದಕ್ಕಿದ್ದಂತೆ ಓಡತೊಡಗಿತು. ಒಂದು ಕನ್ವೆನ್ಷನ್‌ನಲ್ಲಿ ಎಡಿಟರ್ ಸಿಕ್ಕಾಗ, "ಹನ್ನೆರಡರವರೆಗೆ ಪ್ಲಾನ್ ಇದೆ" ಎಂದರು. ಆಮೇಲೆ ಏನು ಅಂದರೆ ಮುಗುಳ್ನಕ್ಕರು. ಎಲ್ಲ ಅಂಗಡಿಗಳ ಆರ್ಡರ್ ಸೇರಿ ಹದಿನೈದು ಸಾವಿರ ಪ್ರತಿಯ ಆಸುಪಾಸಿನಲ್ಲಿದೆ ಅನ್ನುವುದೂ ಅವರ ಬಾಯಿಂದಲೇ ಜಾರಿತು. ತಿಂಗಳಿಗೆ ಶೇಕಡಾ ನಾಲ್ಕೈದು ಇಳಿಯುತ್ತಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಗುಂಪು ಮಾಡಿತು: ಪಿಟಿಷನ್. ಆರು ಸಾವಿರ ಸಹಿ ಬಂತು, ಎಲ್ಲರೂ ಕುಣಿದರು. ನನಗೆ ಸುಮ್ನೆ ಇರೋಕಾಗದೆ, ಸಹಿ ಹಾಕಿದವರಿಗೆಲ್ಲ ಒಂದೇ ಒಂದು ಪ್ರಶ್ನೆ ಕಳಿಸಿದೆ: ಇದು ನಿಮ್ಮ ಪುಲ್ ಲಿಸ್ಟ್‌ನಲ್ಲಿದೆಯಾ? ಹೌದು ಅಂದವರು ನಾನೂರು ಜನವೂ ಇರಲಿಲ್ಲ. ಉಳಿದವರು ಟ್ರೇಡ್, ಅಂದರೆ ಹಲವು ಸಂಚಿಕೆ ಸೇರಿಸಿದ ಪುಸ್ತಕ, ಬರಲಿ ಅಂತ ಕಾಯುವವರು, ಲೈಬ್ರರಿಯಲ್ಲಿ ಓದುವವರು, ಡಿಜಿಟಲ್‌ನಲ್ಲಿ ಡಿಸ್ಕೌಂಟ್ ಬಂದಾಗ ಕೊಳ್ಳುವವರು. ಓದದೇ ಇರುವವರೂ ಕಡಿಮೆ ಇರಲಿಲ್ಲ, ನಾಯಕಿಯ ಚಿತ್ರ ಇಷ್ಟ ಅಷ್ಟೇ. ತಪ್ಪೇನಿಲ್ಲ, ಆದರೆ ತಿಂಗಳ ಲೆಕ್ಕದಲ್ಲಿ ಇವರು ಯಾರೂ ಕಾಣಿಸುವುದಿಲ್ಲ.

ಆಮೇಲೆ ಕೆಲವರಿಗೆ ಕಡಲೆಕಾಯಿ ಹುಚ್ಚು ಹಿಡಿಯಿತು. 2007ರಲ್ಲಿ 'ಜೆರಿಕೋ' ಟಿವಿ ಸೀರೀಸ್ ನಿಂತಾಗ ಅಭಿಮಾನಿಗಳು ಸಿಬಿಎಸ್ ಚಾನೆಲ್ಲಿಗೆ ಟನ್‌ಗಟ್ಟಲೆ ಕಡಲೆಕಾಯಿ ಕಳಿಸಿ ಇನ್ನೂ ಏಳು ಎಪಿಸೋಡ್ ಮಾಡಿಸಿಕೊಂಡರಲ್ವಾ, ಹಾಗೆ ನಾವೂ ಏನಾದರೂ ಕಳಿಸೋಣ ಅಂತ. ನಾಯಕಿ ತೊಡುವಂಥ ಕೈಗವಸು ಖರೀದಿಸಿ ಪ್ರಕಾಶಕರ ಆಫೀಸಿಗೆ ಪೆಟ್ಟಿಗೆಗಟ್ಟಲೆ ಕಳಿಸಿದರು. ನಾನೂರು ಡಾಲರ್ ಹತ್ತಿರ ಖರ್ಚಾಯಿತು. ಅಲ್ಲಿಂದ ಬಂದದ್ದು ಒಂದು ಫೋಟೋ, ಒಂದು ಥ್ಯಾಂಕ್ಸ್. ಟಿವಿಯವರಿಗೆ ಸುದ್ದಿಯಾದರೆ ಲಾಭ, ನೋಡುಗರು ಬಂದರೆ ಜಾಹೀರಾತು ಬರುತ್ತದೆ. ತಿಂಗಳ ಕಾಮಿಕ್ಸ್‌ಗೆ ದುಡ್ಡು ಬರುವುದು ಅಂಗಡಿಯವರ ಆರ್ಡರಿನಿಂದ. ಕೈಗವಸು ಯಾವ ಅಂಗಡಿಯವರಿಗೂ ಕಾಣಿಸಲೇ ಇಲ್ಲ.

ಮೂರನೆಯದು ಒಬ್ಬೊಬ್ಬರೂ ಮೂರು ನಾಲ್ಕು ಪ್ರತಿ ಕೊಳ್ಳುವುದು. ಹೊರಗಿಂದ ನೋಡಿದರೆ ಇದಕ್ಕಿಂತ ನೇರ ದಾರಿ ಇಲ್ಲ ಅನ್ನಿಸುತ್ತದೆ. ಆದರೆ ರ‍್ಯಾಕ್‌ನಲ್ಲಿ ಇರುವ ಪ್ರತಿಗೆ ಅಂಗಡಿಯವರು ಆಗಲೇ ದುಡ್ಡು ಕಟ್ಟಿಯಾಗಿದೆ, ಪ್ರಕಾಶಕರ ಲೆಕ್ಕಕ್ಕೆ ಅದು ಆಗಲೇ ಮಾರಾಟ. ನಾವು ಬಾಚಿಕೊಂಡು ಬಂದರೆ ಮರುದಿನ ಬಂದ ಮಾಮೂಲಿ ಓದುಗನಿಗೆ ಪ್ರತಿ ಇಲ್ಲ, ಅಷ್ಟೇ. ಅಂಗಡಿಯವರು ಮುಂದಿನ ಸಲ ಜಾಸ್ತಿ ತರಿಸುತ್ತಾರೆ ಅಂದುಕೊಂಡಿದ್ದೆವು. ತರಿಸಲಿಲ್ಲ. ಯಾರೋ ಒಬ್ಬ ನಾಲ್ಕು ಒಯ್ದ, ಮುಂದಿನ ತಿಂಗಳು ಬರುತ್ತಾನೋ ಇಲ್ಲವೋ, ಅವರಿಗೇನು ಗೊತ್ತು? ನನ್ನದೇ ಇನ್ನೂರು ಡಾಲರ್ ಹೀಗೆ ಹೋಯಿತು. ಎಂಟನೇ ಸಂಚಿಕೆಯ ಡಬಲ್ ಪ್ರತಿಗಳು ಯಾರಿಗಾದರೂ ಬೇಕಿದ್ದರೆ ನನ್ನ ಹತ್ತಿರ ಒಂದು ಪೆಟ್ಟಿಗೆ ಇದೆ.

ದಾರಿ ತೋರಿಸಿದ್ದು ಒಬ್ಬ ಅಂಗಡಿಯವರು. ಎಫ್‌ಒಸಿ, ಅಂದರೆ ಆರ್ಡರ್ ತಿದ್ದಲು ಕೊನೆಯ ದಿನ, ನಮ್ಮ ಪುಸ್ತಕ ಬರುವುದಕ್ಕೆ ಮೂರು ವಾರ ಮುಂಚೆ ಬೀಳುತ್ತಿತ್ತು. ಆ ರಾತ್ರಿ ಅವರು ಅಂಗಡಿ ಮುಚ್ಚಿ, ಕಂಪ್ಯೂಟರ್ ಮುಂದೆ ಕೂತು ನೂರಾರು ಸಾಲು ತಿದ್ದುತ್ತಿದ್ದರು. ನಮ್ಮ ಸೀರೀಸ್ ಬಂದಾಗ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹಿಂದಿನ ತಿಂಗಳುಗಳ ಸಂಖ್ಯೆ ಸಾಲಾಗಿತ್ತು: 9, 6, 5, 5, 4. "ನಾಲ್ಕು ತರಿಸಿದ್ರೆ ಮೂರು ಹೋಗುತ್ತೆ, ಒಂದು ಉಳಿಯುತ್ತೆ. ಐದನೇದಕ್ಕೆ ನನ್ನ ಜೇಬಿಂದ ಎರಡು ಡಾಲರ್ ಯಾಕೆ ಹಾಕ್ಲಿ ಹೇಳಿ?" ಎಂದರು.

ಅವರ ಕಷ್ಟ ನ್ಯಾಯವಾದದ್ದೇ. 1970ರ ದಶಕದಲ್ಲಿ ಫಿಲ್ ಸೂಲಿಂಗ್ ಎಂಬ ವ್ಯಾಪಾರಿ ಡೈರೆಕ್ಟ್ ಮಾರ್ಕೆಟ್, ಅಂದರೆ ಕಾಮಿಕ್ಸ್ ಅಂಗಡಿಗಳಿಗೇ ನೇರವಾಗಿ ಮಾರುವ ಪದ್ಧತಿ, ಶುರು ಮಾಡಿದಾಗಿನಿಂದ ಒಪ್ಪಂದ ಇದೇ: ಡಿಸ್ಕೌಂಟ್ ಜಾಸ್ತಿ, ವಾಪಸಾತಿ ಇಲ್ಲ. ಅರ್ಧ ಬೆಲೆಗೆ ಸಿಗುತ್ತದೆ, ಉಳಿದರೆ ತಲೆ ಮೇಲೆ. ಇನ್ನೊಂದು ತೊಡಕೂ ಇದೆ. ಮೊದಲನೇ ಸಂಚಿಕೆ ಅಂಗಡಿಗೆ ಬಂದ ಒಂದು ವಾರಕ್ಕೇ ಎರಡನೆಯದರ ಎಫ್‌ಒಸಿ. ಓದಿದವರು ಚೆನ್ನಾಗಿದೆ ಅಂತ ಬಾಯಿಮಾತಲ್ಲಿ ಹೇಳಿ, ಕೇಳಿದವರು ಅಂಗಡಿಗೆ ಬರುವಷ್ಟರಲ್ಲಿ ಎರಡು ಮೂರು ತಿಂಗಳ ಆರ್ಡರ್ ಕುಗ್ಗಿ ಹೋಗಿರುತ್ತದೆ.

"ಐದು, ಆರು, ಏಳು, ಮೂರೂ ನನ್ನ ಲೆಕ್ಕಕ್ಕೆ ಬರ್ಕೊಳ್ಳಿ. ಉಳಿದರೆ ನೀವು ಕೊಟ್ಟ ಬೆಲೆಗೇ ನಾನು ತಗೊಳ್ತೀನಿ" ಎಂದೆ. ಅವರು ನನ್ನ ಮುಖ ನೋಡಿದರು. ನಾಲ್ಕನ್ನು ಅಳಿಸಿ ಏಳು ಒತ್ತಿದರು.

ಇಡೀ ಕೆಲಸ ಇಷ್ಟೇ. ಉಳಿದದ್ದೆಲ್ಲ ಇದನ್ನು ನೂರೈವತ್ತು ಅಂಗಡಿಗೆ ಹಿಗ್ಗಿಸಿದ್ದು.

ಅರ್ಧ ಹಾಳೆಯ ಚೀಟಿ ಮಾಡಿಸಿದೆವು. ಮೇಲೆ ಸಂಚಿಕೆಯ ಆರ್ಡರ್ ಕೋಡ್, ದೊಡ್ಡದಾಗಿ. ಅದರ ಕೆಳಗೆ ಎಫ್‌ಒಸಿ ದಿನಾಂಕ, ಹೆಚ್ಚುವರಿ ಪ್ರತಿ ಎಷ್ಟು, ಹೊಣೆ ಹೊತ್ತವರ ಫೋನ್ ನಂಬರ್. ಕಥೆ ಬಗ್ಗೆ ಒಂದಕ್ಷರ ಇಲ್ಲ. ಅಂಗಡಿಯವರಿಗೆ ಕಥೆ ಬೇಡ, ಕೋಡ್ ಬೇಕು. ಷರತ್ತು ಎರಡೇ. ಮೊದಲ ವಾರ ಹೆಚ್ಚುವರಿ ಪ್ರತಿಗಳನ್ನು ಮುಖ ಕಾಣುವಂತೆ ರ‍್ಯಾಕ್‌ನಲ್ಲಿ ಇಡಬೇಕು. ಮುಂದಿನ ಸಂಚಿಕೆ ಬಂದ ದಿನ ಉಳಿದದ್ದನ್ನು ಎಣಿಸಿ ಹೇಳಬೇಕು. ಒಂದು ಅಂಗಡಿಗೆ ಮೂರರಿಂದ ಐದು ಪ್ರತಿ, ಅದಕ್ಕಿಂತ ಜಾಸ್ತಿ ಬೇಡ. ಬುಧವಾರ ಹೋಗಬೇಡಿ. ಹೊಸ ಪುಸ್ತಕ ಬರುವ ದಿನ ಅವರಿಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ಯಾವ ದಿನ, ಯಾವ ಹೊತ್ತಿಗೆ ಹೋಗಬೇಕು ಅನ್ನುವುದು ನನಗೆ ಗೊತ್ತು, ಹೇಳಲ್ಲ. ಬಾಗಿಲಲ್ಲಿ ಬಾಯಿ ತೆರೆದಾಗ ಮೊದಲು ಆಡಬೇಕಾದ ಮಾತನ್ನೂ ಹೇಳಲ್ಲ. ಆ ಮಾತು ಹುಡುಕಲು ನನಗೆ ಒಂದು ಬೇಸಿಗೆಯೇ ಹಿಡಿಯಿತು. ನೀವೂ ಸ್ವಲ್ಪ ಬೆವರು ಸುರಿಸಿ.

ಅಂಗಡಿಯವರು ಮೋಸ ಮಾಡುತ್ತಾರೆ, ಪ್ರತಿಗಳನ್ನು ಒಳಗೇ ಇಟ್ಟುಕೊಂಡು ಉಳಿಯಿತು ಅನ್ನುತ್ತಾರೆ ಅಂತ ಗುಂಪಿನಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಹಾಗೆ ಮಾಡಿದವರು ಇಬ್ಬರೋ ಮೂವರೋ. ಉಲ್ಟಾ, ಉಳಿದ ಪ್ರತಿಗೆ ದುಡ್ಡೇ ಬೇಡ ಅಂದವರು ಹತ್ತು ಹದಿನೈದು ಜನ ಇದ್ದರು. ಯಾಕೆಂದರೆ ಪ್ರತಿಗಳು ನಿಜಕ್ಕೂ ಹೋದವು. ಮೊದಲ ತಿಂಗಳು ಅರ್ಧಕ್ಕಿಂತ ಕಡಿಮೆ, ಮೂರನೇ ತಿಂಗಳ ಹೊತ್ತಿಗೆ ಮೂರರಲ್ಲಿ ಎರಡು ಪಾಲು. ಇದರಲ್ಲಿ ಪವಾಡ ಏನೂ ಇಲ್ಲ. ಮೂರು ನಾಲ್ಕು ಪ್ರತಿ ತರಿಸಿದರೆ ಅದು ಹೆಚ್ಚುಕಡಿಮೆ ಪುಲ್ ಲಿಸ್ಟ್ ಡಬ್ಬಿಗೇ ಸರಿಹೋಗುತ್ತದೆ, ರ‍್ಯಾಕ್‌ನಲ್ಲಿ ಪುಸ್ತಕವೇ ಇರುವುದಿಲ್ಲ. ಕಾಣದ್ದನ್ನು ಯಾರು ಕೊಳ್ಳುತ್ತಾರೆ?

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ತಿಂಗಳಿಗೆ ಆರುನೂರರಷ್ಟು ಹೆಚ್ಚುವರಿ ಪ್ರತಿ. ಮೊದಲ ತಿಂಗಳು ವಾಪಸ್ ಕೊಳ್ಳಲು ಏಳುನೂರು ಡಾಲರ್ ಚಿಲ್ಲರೆ ಆಯಿತು, ಎರಡನೇ ತಿಂಗಳು ಐನೂರೈವತ್ತು, ಮೂರನೇ ತಿಂಗಳು ನಾನೂರು. ಚೀಟಿ, ಅಂಚೆ, ಪೆಟ್ರೋಲ್ ಸೇರಿ ಇನ್ನೂರೈವತ್ತು. ಒಟ್ಟು ಎರಡು ಸಾವಿರದ ಒಳಗೇ ಮುಗಿಯಿತು. ನನ್ನದು ಆರುನೂರು, ಉಳಿದದ್ದು ಇಪ್ಪತ್ತು, ಐವತ್ತು ಅಂತ ಸುಮಾರು ನಲವತ್ತು ಜನ ಹಾಕಿದ್ದು. ಇದರ ಜೊತೆಗೆ, ಸಹಿ ಹಾಕಿದವರ ಬೆನ್ನು ಹತ್ತಿ ಇನ್ನೂರೈವತ್ತು ಜನರಿಂದ ಹೊಸದಾಗಿ ಪುಲ್ ಲಿಸ್ಟ್ ಮಾಡಿಸಿದೆವು. ಪಿಟಿಷನ್‌ನಿಂದ ಆದ ಲಾಭ ಇಷ್ಟೇ: ಒಂದು ವಿಳಾಸಪಟ್ಟಿ ಸಿಕ್ಕಿತು.

ಹದಿನೈದು ಸಾವಿರಕ್ಕೆ ಎಂಟುನೂರೈವತ್ತು ಯಾವ ಮೂಲೆಗೆ ಅಂತ ಕೇಳಿದವರಿದ್ದಾರೆ. ಪ್ರತಿ ತಿಂಗಳು ಇಳಿಯುತ್ತಿದ್ದದ್ದೇ ಆರುನೂರು, ಏಳುನೂರು. ಅಷ್ಟನ್ನು ತುಂಬಿದರೆ ಗೆರೆ ಮಟ್ಟಸ ಆಗುತ್ತದೆ. ಆರ್ಡರ್ ಏರಿಸಬೇಕಿಲ್ಲ, ಇಳಿಯದಂತೆ ನೋಡಿಕೊಂಡರೆ ಸಾಕು. ಹತ್ತನೇ ಸಂಚಿಕೆ ಹೊತ್ತಿಗೂ ಇಳಿಯದ ಪುಸ್ತಕ ನೋಡಿದರೆ ಲೆಕ್ಕದವರೂ ಒಮ್ಮೆ ನಿಂತು ನೋಡುತ್ತಾರೆ. ಹದಿಮೂರನೆಯದರ ಸಾಲಿಸಿಟೇಷನ್ ಬರೆಯುವ ಮುಂಚೆ ನಮ್ಮ ಕೈಯಲ್ಲಿದ್ದದ್ದು ಮೂರು ಎಫ್‌ಒಸಿ. ಆ ಮೂರಕ್ಕೇ ಎಲ್ಲ ದುಡ್ಡನ್ನೂ ಸುರಿದೆವು.

ಎಡಿಟರ್‌ಗೆ ಇಮೇಲ್ ಮಳೆ ಸುರಿಸುವುದನ್ನು ನಿಲ್ಲಿಸಿದೆ. ಬದಲಿಗೆ ತಿಂಗಳಿಗೆ ಒಂದೇ ಹಾಳೆ: ಎಷ್ಟು ಅಂಗಡಿ, ಹಿಂದಿನ ಆರ್ಡರ್ ಎಷ್ಟು, ಈಗ ಎಷ್ಟು, ಹೊಸ ಪುಲ್ ಲಿಸ್ಟ್ ಎಷ್ಟು. ಮೀಟಿಂಗ್‌ನಲ್ಲಿ ಪುಸ್ತಕದ ಪರ ಮಾತಾಡಬೇಕಾದವರು ಅವರೇ. ಅವರ ಕೈಗೆ ಕಣ್ಣೀರು ಕೊಟ್ಟರೆ ಏನು ಮಾಡುತ್ತಾರೆ? ಸಂಖ್ಯೆ ಕೊಟ್ಟರೆ ಮೇಜಿನ ಮೇಲೆ ಇಡಬಹುದು. ಅಂಗಡಿಗಳಿಗೆ ಹೆಚ್ಚುಕಡಿಮೆ ಎಲ್ಲ ಕಾಮಿಕ್ಸ್ ತಲುಪಿಸುತ್ತಿದ್ದ ಡೈಮಂಡ್ ವಿತರಕರ ಹಿಡಿತದಿಂದ ದೊಡ್ಡ ಪ್ರಕಾಶಕರಾದ ಡಿಸಿ 2020ರಲ್ಲಿ, ಮಾರ್ವೆಲ್ 2021ರಲ್ಲಿ ಹೊರಬಂದ ಮೇಲೆ, ಎಲ್ಲರ ಆರ್ಡರೂ ಒಂದೇ ಪಟ್ಟಿಯಲ್ಲಿ ಸಿಗುವ ಕಾಲ ಮುಗಿಯಿತು. ಹಾಗಾಗಿ ನಮ್ಮ ಲೆಕ್ಕವನ್ನು ನಾವೇ ಇಡಬೇಕು. ಒಂದೊಂದು ವಿತರಕರ ಎಫ್‌ಒಸಿ ವಾರ ಬೇರೆ ಇರಬಹುದು, ಅದನ್ನೂ ನೋಡಿಕೊಳ್ಳಿ.

ನಡುವೆ ಒಂದೆರಡು ಚಿಲ್ಲರೆ ಪ್ರಯೋಗ ಮಾಡಿದೆ. ಹತ್ತನೇ ಸಂಚಿಕೆಗೆ ಇಪ್ಪತ್ತೈದಕ್ಕೊಂದರ ವೇರಿಯಂಟ್ ಕವರ್ ಬಂತು, ಅಂದರೆ ಇಪ್ಪತ್ತೈದು ಪ್ರತಿ ತರಿಸಿದ ಅಂಗಡಿಗೆ ಬೇರೆ ಮುಖಪುಟದ ಒಂದು ಪ್ರತಿ ಸಿಗುತ್ತದೆ. ಸಾಯುತ್ತಿರುವ ಸೀರೀಸ್‌ಗೆ ಚಿನ್ನದ ಕವರ್, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಆದರೂ ಲೆಕ್ಕ ಹಾಕಿ ನೋಡಿದೆ. ಎಂಟು ತರಿಸುವ ಅಂಗಡಿ ಇಪ್ಪತ್ತೈದಕ್ಕೆ ಹೋಗಬೇಕೆಂದರೆ ಹದಿನೇಳು ಪ್ರತಿ ಜಾಸ್ತಿ, ಅಂದರೆ ಮೂವತ್ತನಾಲ್ಕು ಡಾಲರ್. ಆ ವೇರಿಯಂಟನ್ನು ಮೂವತ್ತಕ್ಕೆ ತಗೊಳ್ಳುವ ಸಂಗ್ರಾಹಕನನ್ನು ಮೊದಲೇ ಹುಡುಕಿಕೊಟ್ಟರೆ, ಹದಿನೇಳು ಪ್ರತಿ ಹೆಚ್ಚುಕಡಿಮೆ ಪುಕ್ಕಟೆ! ಇಪ್ಪತ್ತು ಅಂಗಡಿಯಲ್ಲಿ ಮಾಡಿಸಿದೆವು, ಸಂಖ್ಯೆ ಟಣ್ಣನೆ ಹಾರಿತು. ಮುಂದಿನ ತಿಂಗಳು ಅಷ್ಟೇ ಜೋರಾಗಿ ಕೆಳಗೆ ಬಂತು. ತೀರ್ಮಾನ ಆಗುವ ತಿಂಗಳಿಗೆ ಒಂದು ಸಲ ಸರಿ, ಚಟ ಮಾಡಿಕೊಂಡರೆ ಪ್ರಕಾಶಕರಿಗೆ ಗೊತ್ತಾಗಿಬಿಡುತ್ತದೆ.

ವಾಪಸ್ ಬಂದ ಪ್ರತಿಗಳನ್ನು ಮೇ ತಿಂಗಳ ಮೊದಲ ಶನಿವಾರ, ಫ್ರೀ ಕಾಮಿಕ್ ಬುಕ್ ಡೇ ದಿನ ಅಂಗಡಿಗಳಿಗೇ ಕೊಟ್ಟು ಹಂಚಿಸಿದೆ. ಮಕ್ಕಳು ಒಯ್ದರು. ಅದರಿಂದ ಒಂದು ಪುಲ್ ಲಿಸ್ಟ್ ಆದರೂ ಬಂತಾ? ನನಗಂತೂ ಕಾಣಲಿಲ್ಲ. ಮೊದಲ ಟ್ರೇಡ್‌ನ ಒಂದು ಪ್ರತಿಯನ್ನು 'ಓದಿ ವಾಪಸ್ ಇಡಿ' ಅಂತ ಕೌಂಟರ್ ಮೇಲೆ ಇಡುವುದು ಇದಕ್ಕಿಂತ ಚೆನ್ನಾಗಿ ನಡೆಯಿತು. ಕೆಲವು ಕಡೆ ಪುಸ್ತಕವೇ ಮಾಯವಾಯಿತು, ಇರಲಿ, ಒಯ್ದವರು ಓದಿರಬೇಕು.

ಇದೆಲ್ಲ ನಮ್ಮಿಂದಲೇ ಶುರುವಾದದ್ದು ಅಂತ ಹೇಳುತ್ತಿಲ್ಲ. 1998ರಲ್ಲಿ ಶುರುವಾದ 'ಸ್ಪೈಡರ್ ಗರ್ಲ್' ಎಷ್ಟು ಸಲ ನಿಂತಿತು ಅನ್ನಿಸಿಕೊಂಡೂ 2006ರಲ್ಲಿ ನೂರನೇ ಸಂಚಿಕೆ ಮುಟ್ಟಿತು. ಅದೇ ವರ್ಷ 'ಮ್ಯಾನ್‌ಹಂಟರ್' ಇಪ್ಪತ್ತೈದಕ್ಕೆ ಮುಗಿಯಬೇಕಿದ್ದದ್ದು ಓದುಗರ ಗಲಾಟೆಯಿಂದ ಮೂವತ್ತರವರೆಗೆ ಹೋಯಿತು. 2015ರಲ್ಲಿ 'ಒಮೆಗಾ ಮೆನ್' ಏಳಕ್ಕೇ ಮುಗಿಯುತ್ತದೆ ಅಂದವರು ಮಾತು ಬದಲಿಸಿ ಹನ್ನೆರಡಕ್ಕೆ ಮುಗಿಸಿದರು. ಇವನ್ನು ತೋರಿಸಿ "ಗಲಾಟೆ ಮಾಡಿದರೆ ಆಗುತ್ತೆ ನೋಡಿ" ಅನ್ನುವವರು ನಮ್ಮಲ್ಲೂ ಇದ್ದರು. ಗಲಾಟೆ ಮಾಡಿಯೂ ಮುಚ್ಚಿಹೋದ ಸೀರೀಸ್‌ಗಳ ಪಟ್ಟಿ ಇದರ ಹತ್ತು ಪಟ್ಟು ಉದ್ದ ಇದೆ, ಅದನ್ನು ಯಾರೂ ತೋರಿಸುವುದಿಲ್ಲ.

ಹದಿಮೂರರ ಸಾಲಿಸಿಟೇಷನ್ ಬಂದ ದಿನ ಅದರಲ್ಲಿ 'ಆರು ಭಾಗಗಳ ಹೊಸ ಕಥೆ, ಭಾಗ ಒಂದು' ಅಂತ ಇತ್ತು. ಹಳೇ ಚಿತ್ರಕಾರರೂ ವಾಪಸ್ ಬಂದಿದ್ದರು. ಆಮೇಲೆ ನಾವು ದುಡ್ಡು ಹಾಕುವುದನ್ನು ನಿಲ್ಲಿಸಿದೆವು. ಆರ್ಡರ್ ಮತ್ತೆ ತಿಂಗಳಿಗೆ ನಾಲ್ಕು ಪರ್ಸೆಂಟ್ ಇಳಿಯತೊಡಗಿತು, ಹದಿನೆಂಟಕ್ಕೆ ಪುಸ್ತಕ ಮುಗಿಯಿತು. ಇನ್ನೂ ಆರು ಸಂಚಿಕೆ ಎಳೆಯೋಣ ಅಂತ ಕೆಲವರು ಹೊರಟಿದ್ದರು, ನಾನು ಕೈ ಜೋಡಿಸಲಿಲ್ಲ. ಕಥೆ ಮುಗಿದಿತ್ತಲ್ವಾ. ನೂರೈವತ್ತು ಅಂಗಡಿಗಳ ಪಟ್ಟಿ ನನ್ನ ಹತ್ತಿರವೇ ಇದೆ. ಹಳಬರಿಗೆ ಅದರಲ್ಲಿ ಹತ್ತು ಹೆಸರು ಕೊಟ್ಟಿದ್ದೇನೆ, ಉಳಿದದ್ದನ್ನು ಅವರೇ ಹುಡುಕಿಕೊಳ್ಳಲಿ.