ಅಜ್ಜನ ಕೋವಿ ಇಂಗ್ಲೆಂಡಿನದಲ್ಲ

ನಮ್ಮ ಮನೆಯಲ್ಲಿ ಎರಡು ಕೋವಿ ಇವೆ. ಎರಡೂ ಜೋಡು ನಳಿಗೆಯವು, ಎರಡೂ 12 ಬೋರ್ (ಬೋರ್ ಅಂದರೆ ನಳಿಗೆಯ ಒಳದಪ್ಪದ ಲೆಕ್ಕ). ಅಜ್ಜನ ಕೋವಿಯ ಎರಡು ಕುದುರೆಗಳೂ, ಅಂದರೆ ಬಡಿದು ಈಡು ಸಿಡಿಸುವ ಸುತ್ತಿಗೆಗಳು, ಹೊರಗೇ ಇವೆ, ಮೊಲ ಕಿವಿ ನಿಮಿರಿಸಿಕೊಂಡ ಹಾಗೆ. ದೊಡ್ಡಪ್ಪನ ಕೋವಿಯಲ್ಲಿ ಅವು ಒಳಗೆ ಅಡಗಿವೆ. ಕೊಪ್ಪದ ಕಡೆ ಅಡಿಕೆ, ಕಾಫಿ ಇರುವ ಮನೆಗಳಲ್ಲಿ ಇದೇನೂ ವಿಶೇಷ ಅಲ್ಲ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುತ್ತದೆ. ಮಂಗ, ಹಂದಿ ಬಂದರೆ ಆಕಾಶಕ್ಕೆ ಒಂದು ಈಡು ಹಾರಿಸುತ್ತೇವೆ, ಅಷ್ಟೇ.

ದೊಡ್ಡಪ್ಪನಿಗೆ 70 ದಾಟಿದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಪೇಟೆಯ ಕೋವಿ ಅಂಗಡಿಗೆ ತೋಟಾ (ಕಾರ್ಟ್ರಿಜ್) ತರಲು ಹೋದೆ. ಅಂಗಡಿಯವರು ಒಂದು ಡಬ್ಬಿ ಕೊಟ್ಟರು. ಮೇಲೆ 70 ಮಿಮೀ ಅಂತ ಇತ್ತು. "ಇದು ನಮ್ಮ ಕೋವಿಗೆ ಆಗುತ್ತಾ?" ಅಂದೆ. "ಎಲ್ಲಾ ಟ್ವೆಲ್ವ್ ಬೋರೇ ಅಲ್ವಾ ಸಾರ್, ಹೋಗುತ್ತೆ" ಅಂದರು. ಮನೆಗೆ ತಂದು ಅಜ್ಜನ ಕೋವಿಯಲ್ಲಿ ಇಟ್ಟೆ. ನಿಜವಾಗಿಯೂ ಹೋಯಿತು. ನಳಿಗೆ ಟಕ್ ಅಂತ ಮುಚ್ಚಿತು. ಅವತ್ತು ಹಾರಿಸದೇ ಇದ್ದದ್ದು ನನ್ನ ಬುದ್ಧಿವಂತಿಕೆಯಿಂದ ಅಲ್ಲ, ಮಳೆ ಜೋರಾಗಿ ಹಿಡಿದಿತ್ತು.

ಆ ಮಳೆಯಲ್ಲೇ ಕೂತು ಸುಮ್ನೆ ಅಳತೆಪಟ್ಟಿ ಹಿಡಿದೆ. ತುಂಬಿದ ತೋಟಾ 6 ಸೆಂಟಿಮೀಟರ್ ಕೂಡ ಇಲ್ಲ! ಹಾಗಾದರೆ 70 ಮಿಮೀ ಎಲ್ಲಿಂದ ಬಂತು? ಅದು ಹಾರಿಸಿದ ಮೇಲಿನ ಉದ್ದ. ತೋಟಾದ ಬಾಯಿಯನ್ನು ನಕ್ಷತ್ರದ ಹಾಗೆ ಮಡಚಿ ಒಳಗೆ ಒತ್ತಿರುತ್ತಾರೆ. ಹಾರಿದಾಗ ಆ ಮಡಿಕೆ ಬಿಚ್ಚಿಕೊಂಡು ಮುಂದಕ್ಕೆ ಚಾಚುತ್ತದೆ. ತೋಟಾ ಕೂರುವ ಮನೆ 70 ಮಿಮೀ ಇದ್ದರೆ ಬಿಚ್ಚಿದ ಬಾಯಿಗೆ ಜಾಗ ಸಿಗುತ್ತದೆ. 65 ಇದ್ದರೆ ಅದು ನಳಿಗೆ ಕಿರಿದಾಗುವ ಕಡೆ ಹೋಗಿ ತುರುಕಿಕೊಳ್ಳುತ್ತದೆ. ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಆ ಇಕ್ಕಟ್ಟಿನಲ್ಲೇ ನುಗ್ಗಬೇಕು. ಒತ್ತಡ ಏರುತ್ತದೆ. ತೋಟಾ ಒಳಗೆ ಹೋಯಿತು, ಕೋವಿ ಮುಚ್ಚಿತು ಅನ್ನುವುದು ಏನನ್ನೂ ಹೇಳುವುದಿಲ್ಲ.

ಈ ಎರಡು ಕೋವಿ ಎಲ್ಲಿಯವು, ಯಾವಾಗಿನವು ಅಂತ ನೋಡಲು ಕೂತಿದ್ದು ಆಮೇಲೆ.

ಅಜ್ಜನ ಕೋವಿಯ ಬಗ್ಗೆ ಮನೆಯಲ್ಲಿ ಒಂದು ಕಥೆ ಇತ್ತು. "ಅದು ಅಸಲಿ ವಿಲಾಯಿತಿ ಕೋವಿ ಮಾರಾಯ, ಲಂಡನ್ನಿಂದ ಬಂದಿದ್ದು" ಅಂತ ದೊಡ್ಡಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಎರಡು ನಳಿಗೆಗಳ ಮಧ್ಯದ ಪಟ್ಟಿಯ ಮೇಲೆ ಒಂದು ಇಂಗ್ಲಿಷ್ ಹೆಸರೂ ಇತ್ತು. ಹೆಸರಾಂತ ತಯಾರಕರ ಹೆಸರಿಗೆ ಒಂದಕ್ಷರ ಹೆಚ್ಚುಕಮ್ಮಿ. ಆ ಒಂದಕ್ಷರ ನಮಗೆ ಯಾರಿಗೂ ಕಂಡಿರಲಿಲ್ಲ.

ಮೊದಲು ಕೋವಿ ಬಿಚ್ಚಿ ಎರಡೂ ನಳಿಗೆ ಖಾಲಿ ಅಂತ ನೋಡಿಕೊಂಡೆ. ಆಮೇಲೆ ಮುಂದಿನ ಮರ ತೆಗೆದು, ನಳಿಗೆಗಳನ್ನು ಕಳಚಿ, ಹಾಸಿದ ಗೋಣಿಯ ಮೇಲೆ ಮಗುಚಿ ಮಲಗಿಸಿದೆ. ನೋಡಬೇಕಾದದ್ದು ನಳಿಗೆಯ ಹೊಟ್ಟೆಯನ್ನು. ತೋಟಾ ಕೂರುವ ಜಾಗದ ಕೆಳಗೆ ಒಂದು ಚಪ್ಪಟೆ ಭಾಗ ಇರುತ್ತದೆ, ಮುಚ್ಚಿದಾಗ ಕಾಣುವುದಿಲ್ಲ. ಅಲ್ಲಿ ನೂರು ವರ್ಷದ ಎಣ್ಣೆ ಜಿಡ್ಡು ಕಪ್ಪಗೆ ಅಂಟಿತ್ತು. ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ಷು, ಬನಿಯನ್ ಚೂರು ಸಾಕು. ಉಪ್ಪುಕಾಗದ ಮಾತ್ರ ಮುಟ್ಟಿಸಬೇಡಿ, ಗುರುತು ಅಳಿಸಿದರೆ ಮುಗೀತು. ಜಿಡ್ಡು ಹೋದ ಮೇಲೆ ಸೀಮೆಸುಣ್ಣ ತಿಕ್ಕಿ ಬಟ್ಟೆಯಲ್ಲಿ ಒರೆಸಿದೆ. ಅಚ್ಚಿನ ಗೆರೆಗಳಲ್ಲಿ ಸುಣ್ಣ ಉಳಿಯಿತು. ಟಾರ್ಚನ್ನು ಓರೆಯಾಗಿ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ.

ಒಂದು ಮೊಟ್ಟೆಯಾಕಾರದ ಗೆರೆ. ಒಳಗೆ ಇ, ಎಲ್, ಜಿ ಅನ್ನುವ ಇಂಗ್ಲಿಷ್ ಅಕ್ಷರಗಳು, ಕೆಳಗೆ ನಕ್ಷತ್ರ, ತಲೆಯ ಮೇಲೆ ಕಿರೀಟ. ಪಕ್ಕದಲ್ಲಿ ಗರುಡಗಂಬದ ಹಾಗೆ ಒಂದು ಸಣ್ಣ ಕಂಬ. ಇನ್ನೊಂದು ಕಡೆ ಕಿರೀಟ ಹೊತ್ತ ಒಂಟಿ ಅಕ್ಷರ. ಆಮೇಲೆ 18.3 ಅಂತ ಅಂಕೆ, ಮಿಮೀಯಲ್ಲಿ ನಳಿಗೆಯ ಒಳದಪ್ಪ.

ಇದು ಲಂಡನ್ ಅಲ್ಲ, ಇಂಗ್ಲೆಂಡಿನ ಇನ್ನೊಂದು ಕೋವಿ ಊರಾದ ಬರ್ಮಿಂಗ್‌ಹ್ಯಾಮೂ ಅಲ್ಲ. ಇದು ಬೆಲ್ಜಿಯಂನ ಲೀಜ್. ಆ ಊರಿನಲ್ಲಿ ಕೋವಿ ಪರೀಕ್ಷೆಯ ವ್ಯವಸ್ಥೆ 1672ರಿಂದ ಇದೆ. ನಳಿಗೆಗೆ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ, ಒಡೆಯದೆ ಉಳಿದದ್ದಕ್ಕೆ ಮುದ್ರೆ ಒತ್ತುತ್ತಾರೆ. ಆ ಸಣ್ಣ ಕಂಬ ಲೀಜ್ ಪೇಟೆಯಲ್ಲಿ ನಿಂತಿರುವ ಪೆರೋನ್ ಅನ್ನುವ ಕಂಬದ ಗುರುತು. ಮೊಟ್ಟೆಯ ಮೇಲೆ ಕಿರೀಟ ಬಂದದ್ದು 1893ರಲ್ಲಿ, ಅದಕ್ಕೂ ಹಿಂದಿನ ಕೋವಿಗಳಲ್ಲಿ ಬರಿ ಮೊಟ್ಟೆ. 1922ರಿಂದ ಪ್ರತಿ ವರ್ಷಕ್ಕೂ ಒಂದು ಅಕ್ಷರ ಒತ್ತಲು ಶುರು ಮಾಡಿದರು, ನಮ್ಮದರಲ್ಲಿ ಅದಿಲ್ಲ. ಅಲ್ಲಿಗೆ ಅಜ್ಜನ ಕೋವಿ 1893ಕ್ಕೂ 1922ಕ್ಕೂ ಮಧ್ಯೆ ಹುಟ್ಟಿದ್ದು. ಇಂಗ್ಲಿಷ್ ಹೆಸರು ಬರೀ ಮಾರಾಟಕ್ಕೆ. ಆ ಕಾಲದಲ್ಲಿ ಬೆಲ್ಜಿಯಂನಿಂದ ಹೀಗೆ ಹೋಲುವ ಹೆಸರು ಹೊತ್ತ ಅಗ್ಗದ ಕೋವಿಗಳು ದೇಶದೇಶಕ್ಕೆ ಹೋಗಿವೆ.

ಊರು, ಕಾಲ ತಿಳಿದದ್ದು ಸರಿ. ತೋಟಾದ ಮಟ್ಟಿಗೆ ಮುಖ್ಯವಾದದ್ದು ಅಲ್ಲಿ ಇಲ್ಲದ ಒಂದು ಗುರುತು. ಲೀಜ್‌ನಲ್ಲಿ ಈಗಿನ ಹೊಗೆಯಿಲ್ಲದ ಮದ್ದಿನಲ್ಲಿ ಪರೀಕ್ಷೆ ಮಾಡಿದ್ದರೆ ಸಿಂಹ ಮತ್ತು ಅದರ ಕೆಳಗೆ ಪಿ, ವಿ ಅಕ್ಷರ ಒತ್ತುತ್ತಾರೆ. ಎಷ್ಟು ಹುಡುಕಿದರೂ ಸಿಂಹ ಕಾಣಲಿಲ್ಲ. ಅಂದರೆ ಈ ಕೋವಿ ಪಾಸಾದದ್ದು ಬರೀ ಹಳೇ ಕಾಲದ ಕರಿಮದ್ದಿಗೆ.

ಜಿಡ್ಡು ತೆಗೆದಾಗ ಇನ್ನೊಂದೂ ಕಂಡಿತು. ನಳಿಗೆಯ ಮೈಮೇಲೆ ಹೆಬ್ಬಾವಿನ ಚರ್ಮದಂಥ ಸುರುಳಿ ಸುರುಳಿ ಗೆರೆ. ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿ ಹೊಸೆದ ಹಾಗೆ ಹೊಸೆದು, ಸರಳಿಗೆ ಸುತ್ತಿ, ಕುಲುಮೆಯಲ್ಲಿ ಬಡಿದು ಬೆಸೆದದ್ದು. ನೋಡಲು ಇಷ್ಟು ಚೆಂದದ ನಳಿಗೆ ಇನ್ನೊಂದಿಲ್ಲ. ಆದರೆ ಬೆಸುಗೆಯ ಸಂದಿಯಲ್ಲಿ ತುಕ್ಕು ಒಳಗೊಳಗೇ ತಿಂದಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಮಲೆನಾಡಿನ ಮಳೆಗಾಲ ನೂರು ದಾಟಿದ ಮೇಲೆ ಒಳಗೆ ಏನಾಗಿರುತ್ತದೆ, ನೀವೇ ಹೇಳಿ. ಡಮಾಸ್ಕಸ್ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ. ಹೊಗೆಯಿಲ್ಲದ ಮದ್ದಿಗೆ ಪಾಸಾದ ಡಮಾಸ್ಕಸ್ ಕೋವಿಗಳೂ ಇವೆ. ನಮ್ಮದು ಅದಲ್ಲ.

ಪಕ್ಕದ ತಾಲ್ಲೂಕಿನಲ್ಲಿ ಕೋವಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಎರಡನ್ನೂ ಕೊಂಡುಹೋದೆ. ಅವರು ನಳಿಗೆಯ ಕೊಕ್ಕೆಗೆ ದಾರ ಕಟ್ಟಿ ತೂಗಿಬಿಟ್ಟು, ಬೆರಳ ಗಂಟಿನಿಂದ ತಟ್ಟಿದರು. ಸಂತೆಯಲ್ಲಿ ಮಡಕೆ ತಟ್ಟಿ ನೋಡುತ್ತಾರಲ್ಲ, ಹಾಗೆ. ದೊಡ್ಡಪ್ಪನದು ದೇವಸ್ಥಾನದ ಗಂಟೆ ಹಾಗೆ ಗುಂಯ್ ಅಂತು. ಅಜ್ಜನದು ಡಬ್ ಅಂತು. ಮಧ್ಯದ ಪಟ್ಟಿಯ ಬೆಸುಗೆ ಬಿಟ್ಟಿದೆ ಅಂದರು. ಒಳಗೆ ದೀಪ ಹಿಡಿದು ತೋರಿಸಿದರು. ಎಡ ನಳಿಗೆಯಲ್ಲಿ ಸಿಡುಬಿನ ಕಲೆಯಂಥ ಗುಳಿಗಳು. "ಇದಕ್ಕೆ ಯಾವ ತೋಟಾ ಸರಿ?" ಅಂತ ಕೇಳಿದೆ. ಅವರು ನನ್ನನ್ನೇ ನೋಡಿದರು. "ಯಾವುದೂ ಇಲ್ಲ ಸ್ವಾಮಿ" ಅಂದರು.

ದೊಡ್ಡಪ್ಪನ ಕೋವಿ ಸುಲಭ. ಹೊಟ್ಟೆಯ ಮೇಲೆ ಕಿರೀಟ ಹೊತ್ತ ಬಿಪಿ, ಬಿವಿ, ಎನ್‌ಪಿ. ಇದು 1904ರ ನಂತರದ ಬರ್ಮಿಂಗ್‌ಹ್ಯಾಮ್ ಮುದ್ರೆ. ಬಿಪಿ, ಬಿವಿ ಆ ಊರಿನ ಪರೀಕ್ಷೆ, ತಪಾಸಣೆಯ ಗುರುತು, ಎನ್‌ಪಿ ಅಂದರೆ ನೈಟ್ರೋ, ಅಂದರೆ ಹೊಗೆಯಿಲ್ಲದ ಮದ್ದು. ವಜ್ರದ ಆಕಾರದೊಳಗೆ 12, ಜೊತೆಗೆ 2½ ಇಂಚು. ತೋಟಾ ಮನೆಯ ಉದ್ದವನ್ನು ಹೀಗೆ ಒತ್ತಲು ಶುರುವಾದದ್ದು 1925ರಲ್ಲಿ. ಇನ್ನೊಂದು ಕಡೆ 1⅛ ಔನ್ಸ್ ಅಂತ ಚರೆಯ ತೂಕ. 1954ರ ನಂತರ ಔನ್ಸ್ ಬದಲು ಟನ್ ಲೆಕ್ಕದ ಒತ್ತಡ ಒತ್ತುತ್ತಿದ್ದರು. ಹಾಗಾಗಿ ಇದು 1925ಕ್ಕೂ 1954ಕ್ಕೂ ಮಧ್ಯದ್ದು. ಪೆಟ್ಟಿಗೆಯ ತಳದಲ್ಲಿ ಕಡೂರು ಜಿಲ್ಲೆಯ ಹಳೇ ಲೈಸೆನ್ಸ್ ಸಿಕ್ಕಿತು, ಮೈಸೂರು ಸರ್ಕಾರದ ಮುದ್ರೆ, 1936. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಆಗಿನ ಹೆಸರು ಕಡೂರು. ಲೆಕ್ಕ ಇನ್ನೂ ಕಿರಿದಾಯಿತು.

2½ ಇಂಚು ಅಂದರೆ ತೋಟಾ ಡಬ್ಬಿಯ ಭಾಷೆಯಲ್ಲಿ 65 ಮಿಮೀ. 1⅛ ಔನ್ಸ್ ಅಂದರೆ 32 ಗ್ರಾಮ್. ಈಗ ಡಬ್ಬಿ ಕೊಳ್ಳುವಾಗ ನಾನು ನೋಡುವುದು ಈ ಎರಡೇ ಅಂಕೆ. 65 ಇರಬೇಕು, 32 ದಾಟಬಾರದು. ಪುಣೆ ಹತ್ತಿರದ ಖಡ್ಕಿಯ ಕಾರ್ಖಾನೆಯ ಶಕ್ತಿಮಾನ್ ತೋಟಾದಲ್ಲಿ 65ರದೂ ಬರುತ್ತದೆ, ಕೇಳಿ ತರಿಸಿಕೊಳ್ಳಬೇಕು. ಆದರೂ ಮುದ್ರೆ ಹೇಳುವುದು ಅವತ್ತಿನ ಕಥೆ. ಆಮೇಲೆ ಯಾರಾದರೂ ಒಳಗೆ ಉಜ್ಜಿ ಹಿಗ್ಗಿಸಿದ್ದರೆ? ಅದಕ್ಕೇ ರಿಪೇರಿಯವರು ಹಿಂದಿನಿಂದ 9 ಇಂಚು ಒಳಗೆ ಅಳತೆ ಕಡ್ಡಿ ಇಳಿಸಿ ನೋಡಿದರು. 12 ಬೋರ್ ಅಂದರೆ ಒಂದು ಪೌಂಡ್ ಸೀಸದಲ್ಲಿ 12 ಸಮ ಗುಂಡು ಮಾಡಿದರೆ ಒಂದರ ದಪ್ಪ, ಸುಮಾರು 18.5 ಮಿಮೀ. ನಮ್ಮದು ಅಷ್ಟೇ ಉಳಿದಿತ್ತು.

20 ಬೋರ್ ತೋಟಾವನ್ನು 12 ಬೋರ್ ಇರುವ ಮನೆಗೇ ತರಬೇಡಿ. ಅದು ಜಾರಿ ಮುಂದೆ ಹೋಗಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದೆ 12ರದು ಇಡಲು ಜಾಗ ಖಾಲಿ ಕಾಣುತ್ತದೆ. ಇಟ್ಟು ಹಾರಿಸಿದರೆ ನಳಿಗೆ ಸೀಳುತ್ತದೆ.

ಈ ಕೆಲಸದ ಸುದ್ದಿ ಹಬ್ಬಿ, ಪಕ್ಕದ ಮನೆಯವರು ಅಟ್ಟದಲ್ಲಿದ್ದ ಕೇಪಿನ ಕೋವಿ ತೋರಿಸಲು ಕರೆದರು. ಬಾಯಿಯಿಂದ ಮದ್ದು ತುಂಬಿ, ಹಿಂದೆ ಕೇಪು ಅನ್ನುವ ಸಿಡಿಯುವ ಸಣ್ಣ ಟೋಪಿ ಇಟ್ಟು ಹಾರಿಸುವಂಥದ್ದು. ಬಾಯಿಗೆ ಅಡ್ಡ ನಿಲ್ಲದೆ, ಪಕ್ಕದಿಂದ ಒಂದು ತೆಳು ಬಿದಿರು ಕಡ್ಡಿ ಮೆಲ್ಲಗೆ ಇಳಿಸಿ, ಬಾಯಿ ಹತ್ತಿರ ಉಗುರಿನಿಂದ ಗುರುತು ಮಾಡಿದೆ. ಹೊರತೆಗೆದು ನಳಿಗೆಯ ಪಕ್ಕ ಹಿಡಿದರೆ ಕೇಪು ಕೂರುವ ಜಾಗಕ್ಕಿಂತ ನಾಲ್ಕು ಬೆರಳು ಮೊದಲೇ ಕಡ್ಡಿ ನಿಂತಿದೆ! ಯಾವ ಕಾಲದಲ್ಲಿ ಯಾರು ತುಂಬಿಟ್ಟ ಈಡೋ. ಮನೆಯ ಮಕ್ಕಳು ಅದರಲ್ಲಿ ಕಳ್ಳ ಪೊಲೀಸ್ ಆಡಿದ್ದರಂತೆ. ನಾವು ಮುಟ್ಟಲಿಲ್ಲ. ಅದೇ ರಿಪೇರಿಯವರು ಬಂದು ಸಾವಕಾಶವಾಗಿ ತೆಗೆದುಕೊಟ್ಟರು.

ಅಜ್ಜನ ಕೋವಿಯನ್ನು ಈಗ ನಾವು ಹಾರಿಸುವುದಿಲ್ಲ. ಹಾಗಂತ ಲೈಸೆನ್ಸಿನಿಂದ ತೆಗೆಸಿಲ್ಲ. ರಿಪೇರಿ ಮಾಡಿದರೂ ಹಾರಿಸಲು ಬಾರದ ಹಳೇ ಕೋವಿಗೆ ಮಾತ್ರ ಕಾಯ್ದೆಯಲ್ಲಿ ವಿನಾಯಿತಿ, ನಮ್ಮದು ಅಷ್ಟು ಸತ್ತಿಲ್ಲ. ಒಬ್ಬರಿಗೆ ಎರಡೇ ಕೋವಿ ಅಂತ 2019ರಲ್ಲಿ ನಿಯಮ ಬಂತು, ನಮ್ಮಲ್ಲಿ ಸರಿಯಾಗಿ ಎರಡಿವೆ. ಆಯುಧಪೂಜೆ ದಿನ ಎರಡಕ್ಕೂ ಗಂಧ, ಸೇವಂತಿಗೆ.

ಚುನಾವಣೆ ಬಂದರೆ ಎರಡನ್ನೂ ಠಾಣೆಗೆ ಒಪ್ಪಿಸಬೇಕು. ಕಳೆದ ಸಲ ರಸೀದಿಯಲ್ಲಿ ಅಜ್ಜನ ಕೋವಿಗೆ "ಇಂಗ್ಲೆಂಡ್ ಮೇಕ್" ಅಂತ ಬರೆದರು. "ಸಾರ್, ಅದು ಬೆಲ್ಜಿಯಂ" ಅಂದೆ. "ಲೈಸೆನ್ಸಲ್ಲಿ ಇಂಗ್ಲೆಂಡ್ ಅಂತಿದೆಯಲ್ಲ" ಅಂದರು. ಜೊತೆಗೆ ಬಂದಿದ್ದ ದೊಡ್ಡಪ್ಪ ಪಕ್ಕದ ಬೆಂಚಿನಲ್ಲಿ ಕೂತು ಜೋರಾಗಿ ತಲೆಯಾಡಿಸಿದರು.